ಕರ್ನಾಟಕದ ರೈಲು ಯೋಜನೆಗಳಲ್ಲಿ ಕೇಂದ್ರ–ರಾಜ್ಯ ಸಹಭಾಗಿತ್ವ

ಕರ್ನಾಟಕದ ರೈಲು ಯೋಜನೆಗಳಲ್ಲಿ ಕೇಂದ್ರ–ರಾಜ್ಯ ಸಹಭಾಗಿತ್ವ ಎಂಬುದು ಹೊಸ ಮಾರ್ಗ, ಜೋಡಿಹಳಿ ಹಾಗೂ ಉಪನಗರ ರೈಲು ಕಾಮಗಾರಿಗಳ ವೆಚ್ಚ ಮತ್ತು ಹೊಣೆಯನ್ನು ರೈಲ್ವೆ ಸಚಿವಾಲಯ ಹಾಗೂ ಕರ್ನಾಟಕ ಸರ್ಕಾರಗಳು ಹಂಚಿಕೊಳ್ಳುವ ವ್ಯವಸ್ಥೆಯಾಗಿದೆ. ಸಂವಿಧಾನದ ಪ್ರಕಾರ ರೈಲ್ವೆಯು ಕೇಂದ್ರ ಪಟ್ಟಿಯ ವಿಷಯ. ಭೂಮಿಯು ರಾಜ್ಯ ಪಟ್ಟಿಗೆ ಸೇರಿದೆ. ಆದ್ದರಿಂದ ಉಭಯರ ಒಪ್ಪಿಗೆಯಿಲ್ಲದೆ ಕಾಮಗಾರಿ ಮುಂದುವರಿಯುವುದು ಕಷ್ಟ.

ರಾಮನಗರ–ಮೈಸೂರು ಜೋಡಿಹಳಿ

ಬೆಂಗಳೂರು–ಮೈಸೂರು ಮಾರ್ಗವು 1882ರ ವೇಳೆಗೆ ಮೀಟರ್ ಗೇಜ್ ಆಗಿ ಪೂರ್ಣಗೊಂಡಿತ್ತು. ಕೈಲಾಂಚ ಹೋಬಳಿಯ ಊರುಗಳಿಗೆ ಹತ್ತಿರವಾದ ರಾಮನಗರ ನಿಲ್ದಾಣವು ಇದೇ ಮಾರ್ಗದಲ್ಲಿದೆ. ರಾಮನಗರದಿಂದ ಮೈಸೂರಿನವರೆಗಿನ ಜೋಡಿಹಳಿಯ ವೆಚ್ಚದಲ್ಲಿ ಮೂರರಲ್ಲಿ ಎರಡು ಪಾಲನ್ನು ರಾಜ್ಯವು ವಹಿಸಿಕೊಂಡಿತು. ಹಣದ ಏರ್ಪಾಡಾದರೂ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನ ಕಾಲದ ಶಸ್ತ್ರಾಗಾರವೊಂದು ಹೊಸ ಹಳಿಯ ದಾರಿಯಲ್ಲಿತ್ತು. ಪಾರಂಪರಿಕ ಕಟ್ಟಡವನ್ನು ಕೆಡಹುವಂತಿರಲಿಲ್ಲ. ಕೊನೆಗೆ ಸುಮಾರು 1,000 ಟನ್ ತೂಕದ ಆ ಕಟ್ಟಡವನ್ನು ಇಡಿಯಾಗಿ ಮೇಲೆತ್ತಿ, ನೂರು ಮೀಟರಿಗೂ ಹೆಚ್ಚು ದೂರ ಸರಿಸಿ, 2017ರಲ್ಲಿ ಬೇರೆಡೆ ಕೂರಿಸಲಾಯಿತು. ಅಮೆರಿಕದ ತಂತ್ರಜ್ಞರ ನೆರವನ್ನು ಇದಕ್ಕಾಗಿ ಪಡೆಯಲಾಗಿತ್ತು. ಹಳಿಗೂ ಸ್ಮಾರಕಕ್ಕೂ ಧಕ್ಕೆಯಾಗದಂತೆ ಬಗೆಹರಿದ ಅಪರೂಪದ ಪ್ರಕರಣವಿದು.

ಜಂಟಿ ಕಂಪನಿಗಳು

2000ರಲ್ಲಿ ಸ್ಥಾಪನೆಯಾದ ಕೆ-ರೈಡ್‌ನಲ್ಲಿ ರಾಜ್ಯದ ಪಾಲು ಶೇ. 51, ರೈಲ್ವೆ ಸಚಿವಾಲಯದ ಪಾಲು ಶೇ. 49. ಹಾಸನ–ಮಂಗಳೂರು ಮಾರ್ಗದ ಗೇಜ್ ಪರಿವರ್ತನೆಗಾಗಿ 2003ರಲ್ಲಿ ಪ್ರತ್ಯೇಕ ಜಂಟಿ ಕಂಪನಿಯೊಂದು ರೂಪುಗೊಂಡಿತು. ಆ ಮಾರ್ಗದಲ್ಲಿ 2006ರಲ್ಲಿ ಸರಕು ರೈಲು, 2007ರ ಡಿಸೆಂಬರಿನಲ್ಲಿ ಪ್ರಯಾಣಿಕ ರೈಲು ಸಂಚಾರ ಆರಂಭವಾಯಿತು.

ಬೆಂಗಳೂರು ಉಪನಗರ ರೈಲು ಯೋಜನೆಗೆ ಕೇಂದ್ರ ಸಚಿವ ಸಂಪುಟವು 2020ರ ಅಕ್ಟೋಬರಿನಲ್ಲಿ ಅನುಮೋದನೆ ನೀಡಿತು. ನಾಲ್ಕು ಕಾರಿಡಾರುಗಳ ಒಟ್ಟು ಉದ್ದ 148.17 ಕಿ.ಮೀ., ಅಂದಾಜು ವೆಚ್ಚ ₹15,767 ಕೋಟಿ. ಕೇಂದ್ರ ಮತ್ತು ರಾಜ್ಯಗಳು ತಲಾ ಶೇ. 20ರಷ್ಟು ಭರಿಸಿ, ಉಳಿದ ಶೇ. 60ನ್ನು ಸಾಲವಾಗಿ ತರಬೇಕು. ಈ ಸಾಲದ ದೊಡ್ಡ ಭಾಗ ಯುರೋಪಿನದು: ಜರ್ಮನಿಯ ಕೆಎಫ್‌ಡಬ್ಲ್ಯೂ ಬ್ಯಾಂಕಿನಿಂದ 50 ಕೋಟಿ ಯೂರೋ, ಯುರೋಪಿಯನ್ ಹೂಡಿಕೆ ಬ್ಯಾಂಕಿನಿಂದ 30 ಕೋಟಿ ಯೂರೋ. ಯುರೋಪಿನಲ್ಲಿಯೂ ಐರೋಪ್ಯ ಒಕ್ಕೂಟ ಮತ್ತು ರೈಲು ಉದ್ಯಮದ ಸಂಸ್ಥೆಗಳು 2021ರಿಂದ 'ಯುರೋಪ್ಸ್ ರೈಲ್' ಎಂಬ ಜಂಟಿ ಸಂಸ್ಥೆಯ ಮೂಲಕ ಸಂಶೋಧನೆ ನಡೆಸುತ್ತಿವೆ. ಆದರೆ ಅದು ಹಳಿ ನಿರ್ಮಿಸುವ ಸಂಸ್ಥೆಯಲ್ಲ.

ಒಮ್ಮತದ ಕೊರತೆ

ಉಪನಗರ ಯೋಜನೆಯ 'ಪಾರಿಜಾತ' ಕಾರಿಡಾರು ವೈಟ್‌ಫೀಲ್ಡ್‌ನಿಂದ ಬಂದು ಕೆಂಗೇರಿಯಲ್ಲಿ ಕೊನೆಗೊಳ್ಳುತ್ತದೆ. ಅದನ್ನು ಮೈಸೂರಿನತ್ತಲೂ ಚಿಕ್ಕಬಾಣಾವರದ ಮಾರ್ಗವನ್ನು ಮಾಗಡಿಯತ್ತಲೂ ವಿಸ್ತರಿಸುವ ಪ್ರಸ್ತಾವವನ್ನು ಕೆ-ರೈಡ್ ಮುಂದಿಟ್ಟಿತಾದರೂ 2023ರಲ್ಲಿ ರೈಲ್ವೆಯ ಒಪ್ಪಿಗೆ ದೊರೆಯಲಿಲ್ಲ. ರಾಮನಗರ, ಚನ್ನಪಟ್ಟಣಗಳಿಂದ ದಿನವೂ ಬೆಂಗಳೂರಿಗೆ ಹೋಗಿಬರುವವರು ಮೆಮು ಹಾಗೂ ಮೈಸೂರು ಮಾರ್ಗದ ಇತರ ರೈಲುಗಳನ್ನೇ ಅವಲಂಬಿಸಿದ್ದಾರೆ.

ಕನಕಪುರದ ಸ್ಥಿತಿ ಇನ್ನೂ ಹಿಂದಿದೆ. ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲಗಳ ಮೂಲಕ ಚಾಮರಾಜನಗರ ಸೇರಬೇಕಾದ 142 ಕಿ.ಮೀ. ಮಾರ್ಗವು 1996–97ರಲ್ಲಿಯೇ ಮಂಜೂರಾಗಿತ್ತು. ಅರ್ಧ ವೆಚ್ಚ ಹಾಗೂ ಭೂಮಿಯನ್ನು ರಾಜ್ಯವು ಒದಗಿಸುವ ಷರತ್ತಿನ ಸುತ್ತ ಪತ್ರವ್ಯವಹಾರ ನಡೆಯುತ್ತಲೇ ಕಾಲು ಶತಮಾನ ಕಳೆಯಿತು. ಕನಕಪುರಕ್ಕೆ ರೈಲು ಬಂದಿಲ್ಲ.