ಎದೆ ಕೊಯ್ದ ಮೇಲೆ ತೆರೆದ ಲಕೋಟೆ

ಕಂಕನಾಡಿಯ ಆಸ್ಪತ್ರೆ ಗೇಟಿನ ಹೊರಗೆ ಚಹಾ ಕುಡಿಯುತ್ತ ನಿಂತವರ ಮಾತು ಹೆಚ್ಚಾಗಿ ಒಂದೇ: "ಬೈಪಾಸ್ ಮಾಡಿಸಿದವರು ಈಗ ಹೇಗಿದ್ದಾರೆ ಮಾರಾಯ್ರೆ?" 1880ರಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ ಇಲ್ಲೇ ಆಲದ ಮರದಡಿ ಹೋಮಿಯೋಪಥಿ ಔಷಧಿ ಕೊಡತೊಡಗಿದಾಗಲೂ ಜನ ಹೀಗೆ ಕೇಳಿಯೇ ಬಂದಿರಬೇಕು. ಗುಣವಾದವರ ಮಾತಿಗಿಂತ ದೊಡ್ಡ ಸಾಕ್ಷಿ ಏನಿದೆ?

ಆ ಸಾಕ್ಷಿ ಕೈಕೊಟ್ಟದ್ದು 1950ರ ದಶಕದಲ್ಲಿ. ಎದೆನೋವಿಗೆ ಎದೆಗೂಡಿನ ಒಳಬದಿಯ ರಕ್ತನಾಳ ಕಟ್ಟುವ ಆಪರೇಷನ್ ಆಗ ಅಮೆರಿಕದಲ್ಲಿ ಜನಪ್ರಿಯವಾಗಿತ್ತು. ಮಾಡಿಸಿಕೊಂಡವರು ನೋವು ಇಳಿಯಿತೆಂದೇ ಹೇಳುತ್ತಿದ್ದರು. ಸಿಯಾಟಲ್‌ನ ಲಿಯೊನಾರ್ಡ್ ಕಾಬ್ ತಂಡ 17 ರೋಗಿಗಳನ್ನು ಆರಿಸಿತು. ಚರ್ಮ ಕೊಯ್ದು ನಾಳ ಬಿಡಿಸಿದ ಮೇಲೆ ಸರ್ಜನ್ ಕೈಗೆ ಒಂದು ಲಕೋಟೆ. ಕಟ್ಟಬೇಕೋ ಬೇಡವೋ ಎಂಬುದು ಅದರೊಳಗೆ. 8 ಮಂದಿಗೆ ಕಟ್ಟಿದರು, 9 ಮಂದಿಗೆ ಬರೇ ಗಾಯ ಹೊಲಿದರು. 1959ರಲ್ಲಿ ಫಲಿತಾಂಶ ಬಂತು: ಎರಡೂ ಗುಂಪಿಗೆ ಹೆಚ್ಚುಕಡಿಮೆ ಒಂದೇ ಗುಣ. ಆಪರೇಷನ್ ಮೂಲೆ ಸೇರಿತು. ಆದರೆ ಸುಳ್ಳು ಆಪರೇಷನ್ನೂ ಆಗಬಹುದೆಂದು ಆ ರೋಗಿಗಳಿಗೆ ಹೇಳಿರಲಿಲ್ಲ. ನನಗೆ ಈ ಕಥೆಯಲ್ಲಿ ಕಚ್ಚುವುದು ಅದೇ.

ನಮಗೆ ಹತ್ತಿರದ್ದೆಂದರೆ ಹೈದರಾಬಾದ್. ಬೀದರ್, ಕಲಬುರಗಿಯವರು ಚಿಕಿತ್ಸೆಗೆ ಹೋಗುವ ಊರು. ಅಲ್ಲಿನ ನಿಜಾಮ್ಸ್ ಸಂಸ್ಥೆಯಲ್ಲಿ ಸಂಧಿವಾತ ಜ್ವರದಿಂದ ಹೃದಯದ ಕವಾಟ ಕಿರಿದಾದ 60 ಮಂದಿಯಲ್ಲಿ ಅರ್ಧ ಜನರಿಗೆ ಎದೆ ತೆರೆದರು, ಉಳಿದರ್ಧಕ್ಕೆ ಬಲೂನ್ ತೂರಿಸಿದರು. ಮೂರು ವರ್ಷ ಕಳೆದು ನೋಡಿದರೆ ಬಲೂನಿನವರ ಕವಾಟವೇ ಹೆಚ್ಚು ಅಗಲ. 1994ರಲ್ಲಿ ಅದು ಪ್ರಕಟವಾಯಿತು.

ಮಾತ್ರೆಯ ಪರೀಕ್ಷೆಯಲ್ಲಿ ಮಾತ್ರೆ ಎಲ್ಲರಿಗೂ ಒಂದೇ. ಆಪರೇಷನ್‌ನಲ್ಲಿ ಕೈ ಬೇರೆ ಬೇರೆ. ಹೃದಯ ನಿಲ್ಲಿಸಿ ಬೈಪಾಸ್ ಒಳ್ಳೆಯದೋ, ಬಡಿಯುತ್ತಿರುವಾಗಲೇ ಮಾಡುವುದೋ ಎಂದು ಭಾರತವೂ ಸೇರಿ 19 ದೇಶಗಳ 4,752 ಮಂದಿಯಲ್ಲಿ ನಡೆದ 'ಕೊರೊನರಿ' ಪ್ರಯೋಗ ಇದಕ್ಕೊಂದು ದಾರಿ ಹುಡುಕಿತು. ಆಯಾ ವಿಧಾನದಲ್ಲಿ 100ಕ್ಕೂ ಹೆಚ್ಚು ಆಪರೇಷನ್ ಮಾಡಿದವರಿಗಷ್ಟೇ ಪ್ರವೇಶ. ಎಣಿಸಿದ್ದು ಸಾವು, ಪಾರ್ಶ್ವವಾಯು, ಹೃದಯಾಘಾತ, ಡಯಾಲಿಸಿಸ್. ಹೇಗನಿಸುತ್ತಿದೆ ಎಂಬ ಉತ್ತರವನ್ನು ಇಲ್ಲಿ ನೆಚ್ಚಲಿಲ್ಲ. 2012ರಲ್ಲಿ, 30 ದಿನಗಳ ಲೆಕ್ಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಐದು ವರ್ಷದ ಲೆಕ್ಕದಲ್ಲೂ ಅಷ್ಟೇ.

ಈಗಿನ ನಿಯಮದಂತೆ ಯಾವ ಗುಂಪಿಗೆ ಬೀಳುತ್ತೀರೆಂಬುದು ಅದೃಷ್ಟದ ಮೇಲೆ ಎಂದು ರೋಗಿಗೆ ಅವನ ಭಾಷೆಯಲ್ಲೇ ತಿಳಿಸಬೇಕು. ನಮ್ಮ ದೊಡ್ಡಪ್ಪನದು ಪ್ರಯೋಗವಲ್ಲ, ಮಾಮೂಲು ಬೈಪಾಸ್. ಸಹಿ ಹಾಕುವ ಮೊದಲು ಇಂಗ್ಲಿಷ್ ಕಾಗದ ತಿರುಗಿಸಿ ನೋಡಿ ನನ್ನನ್ನು ಕೇಳಿದ್ದರು: "ಉಂದು ದಾದ?" ಓದಿ ಹೇಳಲು ನನಗೆ ಅರ್ಧ ಗಂಟೆ ಹಿಡಿಯಿತು.