ಲುಸರ್ನ್‌ನಲ್ಲಿ ಬಿಡಾರ

ಯುರೋಪಿಗೆ ಹೊರಟ ನೆಂಟರಿಗೆ ನಾನು ಹೇಳುವುದು ಒಂದೇ: ದಿನಕ್ಕೊಂದು ಹೋಟೆಲ್ ಬದಲಿಸಬೇಡಿ. ಒಂದೂರಲ್ಲಿ ಬಿಡಾರ ಹೂಡಿ, ಬೆಳಿಗ್ಗೆ ಹೊರಟು ರಾತ್ರಿಗೆ ಅಲ್ಲಿಗೇ ಮರಳಿ. ಸ್ವಿಟ್ಜರ್ಲೆಂಡಿನಲ್ಲಿ ನನ್ನ ಮೆಚ್ಚಿನ ಬಿಡಾರ ಲುಸರ್ನ್.

ಈ ಊರನ್ನು ಅದಕ್ಕೆ ಅಣಿಮಾಡಿದ್ದು ಹತ್ತೊಂಬತ್ತನೇ ಶತಮಾನ. 1837ರಲ್ಲಿ ಊರಿನ ಸರೋವರಕ್ಕೆ ಮೊದಲ ಉಗಿಹಡಗು ಇಳಿಯಿತು. 1859ರಲ್ಲಿ ರೈಲು ಬಂತು. 1863ರಲ್ಲಿ ಥಾಮಸ್ ಕುಕ್ ಇಂಗ್ಲೆಂಡಿನ ಪ್ರವಾಸಿಗಳನ್ನು ಸ್ವಿಟ್ಜರ್ಲೆಂಡಿಗೆ ಕರೆತಂದ. ಆಗ ಸರೋವರದ ದಡದ ರಿಗಿ ಬೆಟ್ಟಕ್ಕೆ ಕಾಲ್ನಡಿಗೆ, ಹೇಸರಗತ್ತೆ ಅಥವಾ ಆಳುಗಳು ಹೊರುವ ಕುರ್ಚಿಯೇ ಗತಿ. ಸೂರ್ಯೋದಯ ನೋಡಬೇಕೆಂದರೆ ರಾತ್ರಿ ಮೇಲೆಯೇ ತಂಗಬೇಕು.

1871ರಲ್ಲಿ ಎಂಜಿನಿಯರ್ ನಿಕ್ಲಾಸ್ ರಿಗ್ಗೆನ್‌ಬಾಕ್ ಈ ಲೆಕ್ಕವನ್ನೇ ಬದಲಿಸಿದ. ವಿಟ್ಸ್‌ನೌ ದಡದಿಂದ ಹಾಕಿದ ಹಳಿಗಳ ನಡುವೆ ಏಣಿಯಂಥ ಕಬ್ಬಿಣದ ಪಟ್ಟಿ. ಎಂಜಿನ್ನಿನ ಹಲ್ಲುಚಕ್ರ ಅದರ ಮೆಟ್ಟಿಲುಗಳನ್ನು ಕಚ್ಚಿಕೊಂಡು ಮೇಲೇರುತ್ತಿತ್ತು. ಯುರೋಪಿನ ಮೊದಲ ಬೆಟ್ಟದ ರೈಲು ಅದು. 1873ರ ಹೊತ್ತಿಗೆ ಹಳಿ ಶಿಖರದವರೆಗೂ ಹೋಯಿತು. ಲುಸರ್ನ್ ಬಳಿಯ ಇನ್ನೊಂದು ಬೆಟ್ಟ ಪಿಲಾಟುಸ್ ಇನ್ನೂ ಕಡಿದು, ಶೇಕಡಾ 48ರವರೆಗಿನ ಏರು. ಅಲ್ಲಿ ಚಕ್ರ ಹಲ್ಲಿನಿಂದ ಜಾರೀತೆಂದು ಎಡ್ವರ್ಡ್ ಲೋಖರ್ ಎರಡು ಚಕ್ರಗಳನ್ನು ಮಲಗಿಸಿ, ಪಟ್ಟಿಯನ್ನು ಎಡಬಲದಿಂದ ಹಿಡಿಯುವಂತೆ ಮಾಡಿದ. 1889ರಿಂದ ಆ ರೈಲೂ ಓಡುತ್ತಿದೆ.

ಇಂದಿಗೂ ಲುಸರ್ನ್ ನಿಲ್ದಾಣದಿಂದ ಹೊರಬಂದರೆ ಎದುರಿಗೇ ಹಡಗುಕಟ್ಟೆ. ಬೆಳಿಗ್ಗೆ ತಿಂಡಿ ಮುಗಿಸಿ ಹಡಗು ಹತ್ತಿದರೆ ವಿಟ್ಸ್‌ನೌನಲ್ಲಿ ರೈಲು ಕಾದಿರುತ್ತದೆ; ಬೆಟ್ಟ ನೋಡಿ ಸಂಜೆಗೆ ಕೋಣೆ ಸೇರಬಹುದು. ಬಿಡಾರದ ಊರನ್ನು ಆರಿಸುವಾಗ ಅದರ ಅಂದಕ್ಕಿಂತ ಮೊದಲು ಅಲ್ಲಿಂದ ಹೊರಡುವ ದಾರಿಗಳನ್ನು ನೋಡಿ.