ಸುಣ್ಣಕಲ್ಲು, ಚಾಟ್ನಿ ಮತ್ತು ಸಾಂಜೊವೇಸೆ: ಇಟಲಿಯ ಕೆಂಪು ವೈನಿನ ದಖ್ಖನಿ ರೂಪ

ಪೀಠಿಕೆ

ಇಟಲಿಯ ಕೆಂಪು ವೈನಿನ ಗುಣವನ್ನು ಮಣ್ಣಿನ ಮೂಲಕ ವಿವರಿಸುವುದು ರೂಢಿ. ತೋಸ್ಕಾನದ ಸುಣ್ಣಯುಕ್ತ ನೆಲವೇ ಸಾಂಜೊವೇಸೆ ತಳಿಗೆ ಹದ ಕೊಟ್ಟಿತೆಂಬುದು ಪ್ರಚಲಿತ ನಂಬಿಕೆ. ಹಾಗಿದ್ದರೆ ಸುಣ್ಣಕಲ್ಲಿನ ಹಾಸಿನ ಮೇಲಿರುವ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಸೀಮೆ ಈ ತಳಿಗೆ ಒಗ್ಗಬೇಕಿತ್ತು. ಆದರೆ ದಖ್ಖನಿನಲ್ಲಿ ಅದು ಹೆಸರು ಮಾಡಿದ್ದು ಕೊಪ್ಪಳದ ಗ್ರಾನೈಟ್ ಸೀಮೆಯಲ್ಲಿ ಮತ್ತು ಸೊಲ್ಲಾಪುರದ ಬಸಾಲ್ಟ್ ಸೀಮೆಯಲ್ಲಿ. ಇಲ್ಲಿ ಕಲ್ಲಿಗಿಂತ ನಿರ್ಣಾಯಕವಾದದ್ದು ಚಾಟ್ನಿಯ, ಅಂದರೆ ಬಳ್ಳಿ ಕತ್ತರಿಸುವ, ಕಾಲ ಮತ್ತು ಆ ಕಾಲವನ್ನು ತಾನೇ ನಿರ್ಧರಿಸಬಲ್ಲ ಕುಟುಂಬದ ಒಡೆತನ ಎಂಬುದು ಈ ಲೇಖನದ ವಾದ.

ಮೊಂತಾಲ್ಚಿನೊದ ಮಾದರಿ

ಕೌಟುಂಬಿಕ ಹಟದ ಪ್ರಸಿದ್ಧ ನಿದರ್ಶನ ತೋಸ್ಕಾನದ ಮೊಂತಾಲ್ಚಿನೊದ ಬಿಯೊಂದಿ ಸಾಂತಿ ಮನೆತನ. ಹಲವು ತಳಿಗಳನ್ನು ಬೆರೆಸುವುದೇ ವಾಡಿಕೆಯಾಗಿದ್ದ ಕಾಲದಲ್ಲಿ ಫೆರುಚ್ಚೊ ಬಿಯೊಂದಿ ಸಾಂತಿ ಸಾಂಜೊವೇಸೆಯೊಂದನ್ನೇ ಆರಿಸಿ, ದೊಡ್ಡ ಓಕ್ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಮಾಗಿಸಿದರು. ‘ಬ್ರುನೆಲ್ಲೊ’ ಎಂದು ಕರೆಸಿಕೊಂಡ ಆ ವೈನಿನ 1888ರ ಬಾಟಲಿ ಇಂದಿಗೂ ಉಲ್ಲೇಖಾರ್ಹ. ಹಳೆಯ ಬಾಟಲಿಗಳ ಬಿರಡೆ ತೆಗೆದು, ತಗ್ಗಿದ ಮಟ್ಟವನ್ನು ಅದೇ ವರ್ಷದ ವೈನಿನಿಂದ ತುಂಬಿ ಮತ್ತೆ ಮುಚ್ಚುವುದು ಈ ಮನೆಯ ವಿಶಿಷ್ಟ ಪದ್ಧತಿಯಾಗಿತ್ತು. ಅಷ್ಟು ದೀರ್ಘಕಾಲ ಕಾಯುವ ಧೈರ್ಯ ತೋಟ, ನೆಲಮಾಳಿಗೆ ಎರಡೂ ಒಂದೇ ಕೈಯಲ್ಲಿದ್ದುದರಿಂದ ಬಂತು.

ದಖ್ಖನಿನ ಎರಡು ತೋಟಗಳು

ಕೃಷ್ಣಪ್ರಸಾದ್ ಮತ್ತು ಉಮಾ ಚಿಗುರುಪಾಟಿ ದಂಪತಿಯ ‘ಕ್ರಿಸ್ಮಾ’ ಕೊಪ್ಪಳ ಜಿಲ್ಲೆಯಲ್ಲಿದೆ. ಹೊರಗಿನ ಹಣ್ಣು ಕೊಳ್ಳದೆ ಸ್ವಂತ ತೋಟದ ಸಾಂಜೊವೇಸೆಯಿಂದಲೇ ವೈನ್ ತಯಾರಿಸುವುದು ಅದರ ನೀತಿ. ಕಲಬುರಗಿಯ ನೆರೆಯ ಸೊಲ್ಲಾಪುರ ಜಿಲ್ಲೆಯ ಅಕಲೂಜಿನಲ್ಲಿರುವ ‘ಫ್ರತೆಲ್ಲಿ’ಯನ್ನು ಇಟಲಿಯ ಸೆಚ್ಚಿ, ದಿಲ್ಲಿಯ ಸೆಖ್ರಿ, ಅಕಲೂಜಿನ ಮೋಹಿತೆ ಪಾಟೀಲ ಮನೆತನಗಳ ಸಹೋದರರು ಕೂಡಿ ಕಟ್ಟಿದರು. ತೋಸ್ಕಾನದ ವೈನ್ ತಜ್ಞ ಪಿಯೆರೊ ಮಾಸಿ ಮಾರ್ಗದರ್ಶನದಲ್ಲಿ ಬಂದ ‘ಸೆತ್ತೆ’ ಎಂಬ ವೈನಿನಲ್ಲಿ ಸಾಂಜೊವೇಸೆಗೂ ಪಾಲಿದೆ.

ತಿರುಗುಮುರುಗಾದ ಋತು

ತೋಸ್ಕಾನದಲ್ಲಿ ಬಳ್ಳಿ ಚಳಿಗಾಲದಲ್ಲಿ ಮಲಗುತ್ತದೆ. ಹಣ್ಣು ಶರತ್ಕಾಲದ ತಂಪಿನತ್ತ ಸಾಗುತ್ತ ಮಾಗುತ್ತದೆ. ದಖ್ಖನಿನ ಬಳ್ಳಿಗೆ ಅಂಥ ನಿದ್ದೆಯಿಲ್ಲ. ಏಪ್ರಿಲ್ ಹೊತ್ತಿಗೆ ಒಂದು ಚಾಟ್ನಿ ಕಡ್ಡಿ ಬೆಳೆಸಲು, ಸೆಪ್ಟೆಂಬರ್ ಹೊತ್ತಿಗೆ ಇನ್ನೊಂದು ಹಣ್ಣು ಪಡೆಯಲು. ಎರಡನೆಯದರ ಬೆನ್ನಿಗೇ ಕಡ್ಡಿಯ ಕಣ್ಣುಗಳಿಗೆ ಹೈಡ್ರೋಜನ್ ಸಯನಮೈಡ್ ‘ಪೇಸ್ಟ್’ ಹಚ್ಚಿ, ಎಲ್ಲವೂ ಒಟ್ಟಿಗೆ ಒಡೆಯುವಂತೆ ಮಾಡುತ್ತಾರೆ. ಕಟಾವು ಫೆಬ್ರುವರಿ, ಮಾರ್ಚ್ ಸುಮಾರಿಗೆ. ಅಂದರೆ ಹಣ್ಣು ಮಾಗುವುದು ಬಿಸಿಲೇರುವ ದಿನಗಳಲ್ಲಿ. ಸಕ್ಕರೆ ಬೇಗ ಏರುತ್ತದೆ, ಹುಳಿ ಬೇಗ ಇಳಿಯುತ್ತದೆ. ಸಿಪ್ಪೆ, ಬೀಜದ ಒಗರು ಹದಗೊಳ್ಳಲು ಮಾತ್ರ ಸಮಯ ಬೇಕು. ಸ್ವಭಾವತಃ ಹುಳಿ ಹೆಚ್ಚಿರುವ ಸಾಂಜೊವೇಸೆಗೆ ಇಲ್ಲೊಂದು ಅನುಕೂಲವಿದೆ. ಆದರೂ ಚಾಟ್ನಿ ತಡವಾದರೆ ಹಣ್ಣು ಮಾರ್ಚಿನ ಕಾವಿಗೆ ಸಿಕ್ಕುತ್ತದೆ. ಬೇಗನಾದರೆ ಹಿಂಗಾರಿನ ತೇವದಲ್ಲಿ ಎಳೆ ಚಿಗುರಿಗೆ ಡೌನಿ ರೋಗ ತಗಲುತ್ತದೆ. ತೂಕಕ್ಕೆ ಹಣ್ಣು ಮಾರುವ ರೈತನಿಗೆ ಇಳುವರಿ ಮುಖ್ಯ. ತಾನೇ ವೈನ್ ಮಾಡುವ ಕುಟುಂಬ ಮಾತ್ರ ಇಳುವರಿ ತಗ್ಗಿಸಿಯಾದರೂ ಹದವನ್ನು ಕಾಯಬಲ್ಲದು.

ಸುಣ್ಣಕಲ್ಲಿನ ಸೀಮೆ

ಹಾಗೆಂದು ನೆಲ ಲೆಕ್ಕಕ್ಕೇ ಇಲ್ಲವೆಂದಲ್ಲ. ಶಹಾಬಾದಿನ ಫರಸಿ ಪದರು ಪದರಾಗಿ, ಹಲಗೆಯಂತೆ ಏಳುತ್ತದೆ. ಮನೆಗಳ ನೆಲಕ್ಕೆ ಅದು ಪ್ರಸಿದ್ಧವಾದದ್ದೂ ಇದೇ ಗುಣದಿಂದ. ಅದೇ ಸುಣ್ಣಕಲ್ಲು ವಾಡಿ, ಸೇಡಂಗಳ ಸಿಮೆಂಟ್ ಕಾರ್ಖಾನೆಗಳಿಗೆ ಕಚ್ಚಾವಸ್ತು. ಅಡ್ಡಲಾಗಿ ಹಾಸಿಕೊಂಡ ಈ ಕಲ್ಲಿನಲ್ಲಿ ಬೇರಿಳಿಯುವುದು ತೋಸ್ಕಾನದ ಪುಡಿಪುಡಿಯಾಗುವ ‘ಗಾಲೆಸ್ತ್ರೊ’ದಲ್ಲಿ ಇಳಿದಷ್ಟು ಸುಲಭವಲ್ಲ. ಮೇಲಿನ ಎರೆಮಣ್ಣು ಮಳೆಯಲ್ಲಿ ನೀರು ಹಿಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಸುಣ್ಣ ಅತಿಯಾದ ನೆಲದಲ್ಲಿ ಬಳ್ಳಿಗೆ ಕಬ್ಬಿಣಾಂಶ ದಕ್ಕದೆ ಎಲೆ ಹಳದಿಯಾಗುತ್ತದೆ. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕಲಬುರಗಿ ತೊಗರಿಗೆ ಒಗ್ಗಿದ ನೆಲ ದ್ರಾಕ್ಷಿಗೂ ಒಗ್ಗಬೇಕೆಂದಿಲ್ಲ.

ಸುಣ್ಣ ಸಹಿಸುವ ಬೇರುಕಾಂಡಗಳು ಇಲ್ಲದಿಲ್ಲ. ಸಿಸಿಲಿಯಲ್ಲಿ ರೂಪುಗೊಂಡ 140 ರುಜೇರಿ ಅವುಗಳಲ್ಲೊಂದು. ಅದೇ ಜಿಲ್ಲೆಯ ಚಿಂಚೋಳಿಯ ಜಂಬಿಟ್ಟಿಗೆ ಮಣ್ಣಿನಲ್ಲಿ ನೀರು ಸುಲಭವಾಗಿ ಬಸಿಯುವುದರಿಂದ, ಎರೆಮಣ್ಣಿನೊಡನೆ ಹೋಲಿಸಲು ಅದು ತಕ್ಕ ನೆಲ.

ಸಮಾರೋಪ

2007ರ ದ್ರಾಕ್ಷಾರಸ ನೀತಿಯಿಂದ ಕರ್ನಾಟಕದಲ್ಲಿ ವೈನರಿಗಳಿಗೆ ಬೆಂಬಲ ದೊರೆಯಿತು. ಅದರ ಮುಂದಿನ ಹಂತದಲ್ಲಿ ಹೊಸ ಸೀಮೆಗಳನ್ನು ಆಯುವಾಗ ಮಣ್ಣಿನ ನಕ್ಷೆಯೊಂದನ್ನೇ ನೆಚ್ಚುವುದು ಸಾಲದು. ಸೇಡಂನ ಎರೆಮಣ್ಣು, ಚಿಂಚೋಳಿಯ ಜಂಬಿಟ್ಟಿಗೆ ಮಣ್ಣು ಎರಡರಲ್ಲೂ ಒಂದೇ ಬೇರುಕಾಂಡದ ಬಳ್ಳಿಗಳನ್ನಿಟ್ಟು, ಚಾಟ್ನಿಯನ್ನು ವಾರವಾರ ಹಿಂದುಮುಂದು ಮಾಡಿ, ಕಟಾವಿನ ಹೊತ್ತಿನ ಹುಳಿ, ಸಕ್ಕರೆ, ಒಗರುಗಳನ್ನು ಅಳೆಯಬೇಕು. ಮಣ್ಣಿನ ಪಾಲೆಷ್ಟು, ಕಾಲದ ಪಾಲೆಷ್ಟು ಎಂಬುದನ್ನು ಇಂಥ ಪ್ರಯೋಗ ಬೇರ್ಪಡಿಸಿ ತೋರಿಸಬಲ್ಲದು.